ರೆಸ್ಯೂಮ್‌ನಲ್ಲಿರುವ ಗ್ಯಾಪ್ ಮುಚ್ಚಲು ಮಾವನ ವರ್ಕ್‌ಶಾಪಿನಿಂದ ಎಕ್ಸ್‌ಪೀರಿಯೆನ್ಸ್ ಲೆಟರ್ ತರಬಹುದಾ? ಕಂಪನಿಯವರು ನಿಜಕ್ಕೂ ಏನು ನೋಡ್ತಾರೆ?

ತರಬೇಡಿ. ನಾನು ತಂದಿದ್ದೆ.

ನಿಮ್ಮ ಪ್ರಶ್ನೆ ಓದುವಾಗ ಇದನ್ನು ನಾನೇ ಯಾವಾಗಲೋ ಬರೆದಿದ್ದೆನಾ ಅನ್ನಿಸಿತು. ಮೆಕ್ಯಾನಿಕಲ್ ಡಿಪ್ಲೊಮಾ, ಎರಡು ವರ್ಷದ ಕೆಲಸ, ಆಮೇಲೆ ಮನೆ ಕಾರಣಕ್ಕೆ ಒಂದು-ಒಂದೂವರೆ ವರ್ಷ ಊರಲ್ಲಿ, ಈಗ ಮೈಸೂರಿನ ಕಂಪನಿಗಳಿಗೆ ಅರ್ಜಿ. ನಿಮ್ಮದು ಅಮ್ಮನ ಆಪರೇಷನ್. ನಂದು ಅಪ್ಪನ ಲಕ್ವ. ಅಷ್ಟೇ ವ್ಯತ್ಯಾಸ. ಲೆಟರ್ ಕೊಡೋಕೆ ಒಪ್ಪಿದ ಮಾವ ಕೂಡ ಇಬ್ಬರಿಗೂ ಇದ್ದಾರೆ.

ನಮ್ಮೂರು ಮಂಡ್ಯದ ಹತ್ತಿರ. 2013ರ ಆಗಸ್ಟ್‌ನಲ್ಲಿ ತೂಬಿನಕೆರೆ ಇಂಡಸ್ಟ್ರಿಯಲ್ ಏರಿಯಾದ ಒಂದು ಸಣ್ಣ ಕಂಪನಿಗೆ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿ ಸೇರಿದೆ. ಟರ್ನಿಂಗ್ ಆಗಿ ಬಂದ ಶಾಫ್ಟ್, ಬುಷ್‌ಗಳನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಮಾಡುವ ಕೆಲಸ. 2015ರ ನವೆಂಬರ್‌ನಲ್ಲಿ ಒಂದು ಬೆಳಿಗ್ಗೆ ಅಪ್ಪ ಗದ್ದೆ ಬದುವಿನ ಮೇಲೆ ಕುಸಿದು ಬಿದ್ದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿತು. ಮಾತು ತೊದಲತೊಡಗಿತು. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲಿ ಹನ್ನೆರಡು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಅವರನ್ನು ಎತ್ತಿ ಕೂರಿಸೋಕೆ ಅಮ್ಮ ಒಬ್ಬರ ಕೈಲಿ ಆಗುತ್ತಿರಲಿಲ್ಲ. ತಂಗಿ ಪಿಯುಸಿ. ಒಂದೂವರೆ ಎಕರೆ ಕಬ್ಬು, ಎರಡು ಹಸು. ನಾನು ಕೆಲಸ ಬಿಟ್ಟೆ.

ಹದಿನಾಲ್ಕು ತಿಂಗಳು ಊರಲ್ಲಿದ್ದೆ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕೋದು, ಅಪ್ಪನ ಕೈಕಾಲಿಗೆ ಎಕ್ಸರ್‌ಸೈಜ್ ಮಾಡಿಸೋದು, ಆಮೇಲೆ ಗದ್ದೆ. 2016 ನಮ್ಮ ಕಡೆಯವರಿಗೆ ನೆನಪಿರುತ್ತದೆ. ಮಳೆ ಕೈಕೊಟ್ಟಿತು, ಕನ್ನಂಬಾಡಿ ಕಟ್ಟೆ ತುಂಬಲಿಲ್ಲ, ನಾಲೆ ನೀರು ನಂಬೋ ಹಾಗಿರಲಿಲ್ಲ, ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆ, ನವೆಂಬರ್‌ನಲ್ಲಿ ನೋಟು ಬಂದ್. ನೋಟು ಬಂದ್ ಆದ ಮೇಲೆ ನಮ್ಮ ಹಾಲಿನ ಬಟವಾಡೆ ನನ್ನ ಬ್ಯಾಂಕ್ ಅಕೌಂಟಿಗೇ ಬೀಳೋಕೆ ಶುರುವಾಯಿತು. ಈ ಬಟವಾಡೆ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

2017ರ ಜನವರಿ ಹೊತ್ತಿಗೆ ಅಪ್ಪ ಕೋಲು ಹಿಡಿದು ನಡೆಯುತ್ತಿದ್ದರು. ನಾನು ರೆಸ್ಯೂಮ್ ಮಾಡಿಸೋಕೆ ಮಂಡ್ಯದ ಒಂದು ಸೈಬರ್ ಸೆಂಟರ್‌ಗೆ ಹೋದೆ. ಜೊತೆಗಿದ್ದ ಗೆಳೆಯ ಹೇಳಿದ, "ಗ್ಯಾಪ್ ಕಂಡ್ರೆ ಎಚ್‌ಆರ್ ಪೇಪರನ್ನ ಪಕ್ಕಕ್ಕೆ ಎಸೀತಾರೆ. ಏನಾದ್ರೂ ತುಂಬಿಸು." ನಿಮಗೂ ಯಾರೋ ಇದನ್ನೇ ಹೇಳಿದ್ದಾರೆ. ನಮ್ಮ ಸೋದರಮಾವನದು ಮಂಡ್ಯದಲ್ಲಿ ಲೇತ್ ವರ್ಕ್‌ಶಾಪ್. ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಮೂರು ಹುಡುಗರು. ಕೇಳಿದಾಗ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಅಂದರು. ಏನೂ ಆಗಲ್ಲ ಅಂದೆ. ಲೆಟರ್‌ಹೆಡ್ ಪ್ರಿಂಟ್ ಹಾಕಿಸಿ, 2015ರ ಡಿಸೆಂಬರ್‌ನಿಂದ 2016ರ ಡಿಸೆಂಬರ್‌ವರೆಗೆ ಕ್ವಾಲಿಟಿ ಎಂಜಿನಿಯರ್, ಸಂಬಳ ತಿಂಗಳಿಗೆ 14,000 ಅಂತ ಬರೆಸಿ, ಸೀಲು ಹೊಡೆಸಿಕೊಂಡು ಬಂದೆ.

ಮೈಸೂರಿನ ಹೂಟಗಳ್ಳಿಯ ಒಂದು ಆಟೋ ಬಿಡಿಭಾಗದ ಕಂಪನಿ ಇಂಟರ್‌ವ್ಯೂಗೆ ಕರೆಯಿತು. ಟೆಕ್ನಿಕಲ್ ರೌಂಡ್ ಚೆನ್ನಾಗೇ ಆಯಿತು. ಆಫರ್ ಲೆಟರ್ ಕೈಗೆ ಬಂತು. ಅದರಲ್ಲಿ ಸಂಬಳ ನೋಡಿ ಅಮ್ಮ ದೇವರ ಮುಂದೆ ಇಟ್ಟರು. ಆಮೇಲೆ ದಾಖಲೆ ಕೇಳಿದರು. ಅಂಕಪಟ್ಟಿ, ತೂಬಿನಕೆರೆ ಕಂಪನಿಯ ರಿಲೀವಿಂಗ್ ಲೆಟರ್, ಪಿಎಫ್‌ನ ಯುಎಎನ್ ನಂಬರ್ (ಕಂಪನಿ ಬದಲಾದರೂ ಬದಲಾಗದ ನಮ್ಮ ಪಿಎಫ್ ನಂಬರ್), ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಎಲ್ಲ ಕೊಟ್ಟೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಲೆಟರ್ ಇಟ್ಟಿದ್ದು ತಪ್ಪೇ. ಆದರೆ ಕೆಲಸ ಹೋಗಿದ್ದು ಅದರಿಂದಲೇ ಅಲ್ಲ. ದಾಖಲೆ ಕೊಟ್ಟ ನಾಲ್ಕನೇ ದಿನ ಎಚ್‌ಆರ್ ಮೇಡಂ ಫೋನ್ ಮಾಡಿದರು. ದನಿ ಮೆತ್ತಗಿತ್ತು. "ನಿಮ್ಮ ಎರಡನೇ ಕೆಲಸದ ಡೇಟ್ಸ್ ಎಲ್ಲ ಸರಿ ಇದೆಯಾ ಇನ್ನೊಂದ್ಸಲ ನೋಡಿ ಹೇಳಿ. ಏನಾದ್ರೂ ತಿದ್ದೋದಿದ್ರೆ ಈಗಲೇ ತಿದ್ದಿಬಿಡಿ" ಅಂದರು. ನಾನು ಕೊಟ್ಟಿಗೆಯಲ್ಲಿದ್ದೆ. ಕೈಯಲ್ಲಿ ಹಾಲಿನ ಕ್ಯಾನ್ ಇತ್ತು. "ಎಲ್ಲ ಸರಿಯಾಗಿದೆ ಮೇಡಂ" ಅಂದೆ.

ಅವರಿಗೆ ಆಗಲೇ ಗೊತ್ತಿತ್ತು. ಅದು ನನಗೆ ಅರ್ಥವಾಗಿದ್ದು ತುಂಬ ಆಮೇಲೆ. ನಾನೇ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಆರು ತಿಂಗಳಲ್ಲಿ ಒಂದು ಸಲವೂ 14,000 ಬಿದ್ದಿರಲಿಲ್ಲ. ಬಿದ್ದಿದ್ದು ಹಾಲಿನ ಬಟವಾಡೆ. ಪಿಎಫ್ ಪಾಸ್‌ಬುಕ್‌ನಲ್ಲಿ 2015ರ ನವೆಂಬರ್ ತಿಂಗಳಿಗೆ ಜಮಾ ನಿಂತಿತ್ತು. ಇಪ್ಪತ್ತು ಜನಕ್ಕಿಂತ ಕಡಿಮೆ ಇರುವ ಕಡೆ ಪಿಎಫ್ ಕಡ್ಡಾಯ ಇಲ್ಲ, ಆದ್ದರಿಂದ ಪಿಎಫ್ ಇಲ್ಲದಿರೋದು ಅವರಿಗೆ ಸಮಸ್ಯೆಯೇ ಆಗಿರಲಿಲ್ಲ. ಸಂಬಳ ಎಲ್ಲಿ ಹೋಯಿತು ಅನ್ನೋದು ಸಮಸ್ಯೆ. ಕ್ಯಾಶ್ ಕೊಟ್ಟರು ಅಂತ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಅವರು ಲೆಟರ್‌ಹೆಡ್‌ನಲ್ಲಿದ್ದ ನಂಬರಿಗೂ ಫೋನ್ ಮಾಡಿದ್ದರು. ಮಾವ ಗಾಬರಿಯಾಗಿ ನಾನು ಸೇರಿದ ತಿಂಗಳನ್ನೇ ತಪ್ಪು ಹೇಳಿದ್ದರು.

ಅಂದರೆ ಮೇಡಂ ನನಗೆ ಮಾಡಿದ ಆ ಫೋನ್ ವಿಚಾರಣೆಗೆ ಬಂದಿದ್ದಲ್ಲ. ನನ್ನನ್ನು ಉಳಿಸೋಕೆ ಬಂದಿದ್ದು. ಅವತ್ತು ನಾನು "ಮೇಡಂ, ಆ ವರ್ಷ ಅಪ್ಪನಿಗೆ ಹುಷಾರಿರಲಿಲ್ಲ, ಊರಲ್ಲಿದ್ದೆ, ಲೆಟರ್ ತಪ್ಪು ಮಾಡಿ ಇಟ್ಟೆ" ಅಂದಿದ್ದರೆ ಅವರು ಏನಾದರೂ ದಾರಿ ನೋಡುತ್ತಿದ್ದರು ಅಂತ ಇವತ್ತಿಗೂ ನಂಬುತ್ತೇನೆ. ಟೆಕ್ನಿಕಲ್‌ನಲ್ಲಿ ಪಾಸಾದ ಹುಡುಗನನ್ನು ಕಳೆದುಕೊಳ್ಳೋಕೆ ಯಾವ ಎಚ್‌ಆರ್‌ಗೂ ಇಷ್ಟ ಇರಲ್ಲ. ಮತ್ತೆ ಜಾಹೀರಾತು, ಮತ್ತೆ ಇಂಟರ್‌ವ್ಯೂ, ಎಲ್ಲ ಮೊದಲಿಂದ. ನಾನು ಯಾಕೆ ಹೇಳಲಿಲ್ಲ? ಒಂದು ಡೇಟ್ ತಿದ್ದಿದರೆ ಲೆಟರ್ ಸುಳ್ಳಾಗುತ್ತದೆ, ಲೆಟರ್ ಸುಳ್ಳಾದರೆ ಮಾವನ ಮರ್ಯಾದೆ ಹೋಗುತ್ತದೆ ಅಂತ ತಲೆಯಲ್ಲಿ ಓಡಿತು. ಉತ್ತರ ಕೊಡೋಕೆ ಎರಡು ಸೆಕೆಂಡ್ ಇತ್ತು. ಒಂದು ದಿನ ಟೈಮ್ ಕೊಡಿ ಮೇಡಂ ಅನ್ನಬಹುದಿತ್ತು. ಅದೂ ಹೊಳೆಯಲಿಲ್ಲ.

ಮೂರು ದಿನಕ್ಕೆ ಮೇಲ್ ಬಂತು. ಆಫರ್ ವಾಪಸ್.

ಮನೆಯಲ್ಲಿ ವಿಷಯ ಮುಚ್ಚಿಡೋಕೆ ಆಗಲಿಲ್ಲ. ಅಪ್ಪ ಕಷ್ಟಪಟ್ಟು ಒಂದೊಂದೇ ಮಾತು ಹೊರಡಿಸಿ ಕೇಳಿದರು. "ನನ್ನ ನೋಡ್ಕಂಡಿದ್ದ ಯಾಕ್ಲಾ ಮುಚ್ಚಿಟ್ಟೆ?" ನನಗೆ ಉತ್ತರ ಇರಲಿಲ್ಲ.

ಆಮೇಲೆ ಐದು ತಿಂಗಳು ಎಲ್ಲೂ ಆಗಲಿಲ್ಲ. ಜೂನ್‌ನಲ್ಲಿ ಕೂರ್ಗಳ್ಳಿಯ ಒಂದು ಕಂಪನಿಗೆ ಹೋದೆ. ಈ ಸಲ ರೆಸ್ಯೂಮ್‌ನಲ್ಲಿ ಎರಡು ಸಾಲು ಇದ್ದದ್ದು ಇದ್ದ ಹಾಗೇ ಬರೆದಿದ್ದೆ. "ಡಿಸೆಂಬರ್ 2015ರಿಂದ ಜನವರಿ 2017: ತಂದೆಗೆ ಪಾರ್ಶ್ವವಾಯು ಆಗಿದ್ದರಿಂದ ಅವರ ಆರೈಕೆ, ಸ್ವಂತ ಜಮೀನಿನ ಉಸ್ತುವಾರಿ. ಈಗ ತಂದೆ ಓಡಾಡುತ್ತಾರೆ, ಶಿಫ್ಟ್ ಕೆಲಸಕ್ಕೆ ಅಡ್ಡಿ ಇಲ್ಲ." ಇಂಟರ್‌ವ್ಯೂ ಮಾಡಿದವರು ಕ್ವಾಲಿಟಿ ಇನ್‌ಚಾರ್ಜ್. ಆ ಸಾಲು ಓದಿದರು. "ಈಗ ಹೇಗಿದ್ದಾರೆ ತಂದೆ?" ಅಂತ ಕೇಳಿದರು. ಹೇಳಿದೆ. ಗ್ಯಾಪ್ ಬಗ್ಗೆ ಅಷ್ಟೇ ಮಾತು.

ಆಮೇಲೆ ಒಂದು ಶಾಫ್ಟ್, ಒಂದು ಡ್ರಾಯಿಂಗ್, ಒಂದು ಮೈಕ್ರೋಮೀಟರ್ ಮುಂದಿಟ್ಟರು. ಡ್ರಾಯಿಂಗ್‌ನಲ್ಲಿ ಸೈಜ್ 18.00 ಮಿಲಿಮೀಟರ್, ಮೈನಸ್ 0.03ವರೆಗೆ, ಅಂದರೆ 17.97ರವರೆಗೆ ಬಿಡಬಹುದು. ನಾನು ಅಭ್ಯಾಸದಂತೆ ಮೊದಲು ಮೈಕ್ರೋಮೀಟರ್ ಮುಚ್ಚಿ ಝೀರೋ ನೋಡಿದೆ. ಸೊನ್ನೆ ಇರಬೇಕಾದಲ್ಲಿ 0.02 ತೋರಿಸುತ್ತಿತ್ತು. ಬೇಕಂತಲೇ ಹಾಗೆ ಇಟ್ಟಿದ್ದರು. ಶಾಫ್ಟ್ ಅಳೆದರೆ 17.98. ಹಾಗೇ ಓದಿದರೆ ಪಾಸ್. ಎರರ್ ಕಳೆದರೆ 17.96, ರಿಜೆಕ್ಟ್. ರಿಜೆಕ್ಟ್ ಅಂದೆ. ಅವರು ರೆಸ್ಯೂಮ್ ಮಡಚಿಟ್ಟು "ಯಾವತ್ತಿಂದ ಬರ್ತೀರಿ?" ಅಂದರು. ಸಂಬಳ ಹೂಟಗಳ್ಳಿಗಿಂತ ಕಮ್ಮಿ ಇತ್ತು. ಖುಷಿಯಿಂದ ಸೇರಿದೆ.

ಈಗ ನಾಲ್ಕೈದು ವರ್ಷದಿಂದ ನಮ್ಮ ಡಿಪಾರ್ಟ್‌ಮೆಂಟಿಗೆ ಹುಡುಗರನ್ನು ತೆಗೆದುಕೊಳ್ಳುವಾಗ ನಾನೂ ಮೇಜಿನ ಈಚೆ ಕಡೆ ಕೂರುತ್ತೇನೆ. ಆದ್ದರಿಂದ ಹೇಳುತ್ತೇನೆ, ನಿಮ್ಮ ಪ್ರಶ್ನೆಯೇ ತಪ್ಪು ಕಡೆ ತಿರುಗಿದೆ. ಮೂರು ಕಡೆ ಕರೆಯಲಿಲ್ಲ, ಗ್ಯಾಪ್‌ನಿಂದಲೇ ಹೀಗಾಯಿತು ಅಂತ ಬರೆದಿದ್ದೀರಿ. ನಿಮ್ಮ ರೆಸ್ಯೂಮ್‌ನ ಸಾಲುಗಳನ್ನೂ ಹಾಕಿದ್ದೀರಿ. "ಗುಣಮಟ್ಟದ ಜವಾಬ್ದಾರಿ ನಿರ್ವಹಿಸಿದ್ದೇನೆ, ಶ್ರಮಜೀವಿ, ಸಮಯಪಾಲನೆ" ಅಂತ ಇದೆ. ನಿಮ್ಮನ್ನು ಕರೆಯದೇ ಇದ್ದದ್ದು ಈ ಸಾಲುಗಳಿಂದ. ಮೈಸೂರು, ಮಂಡ್ಯ, ನಂಜನಗೂಡು, ಎಲ್ಲಿಂದ ಬಂದ ರೆಸ್ಯೂಮ್ ತೆಗೆದರೂ ಇದೇ ಇರುತ್ತದೆ. ಸೈಬರ್ ಸೆಂಟರ್‌ನ ಒಂದೇ ಫೈಲ್‌ನಲ್ಲಿ ಹೆಸರು ಬದಲಾಯಿಸಿರುತ್ತಾರೆ. ನಲವತ್ತು ಪೇಪರ್ ಮುಂದಿದ್ದಾಗ ಇದರಿಂದ ನನಗೆ ಏನು ತಿಳಿಯಬೇಕು?

ನಾನು ಹುಡುಕೋದು ಬೇರೆ. ಯಾವ ಪಾರ್ಟ್ ನೋಡುತ್ತಿದ್ದಿರಿ? ಶಿಫ್ಟಿಗೆ ಎಷ್ಟು ಪೀಸ್? ವರ್ನಿಯರ್, ಮೈಕ್ರೋಮೀಟರ್, ಬೋರ್ ಗೇಜ್, ಹೈಟ್ ಗೇಜ್, ಇದರಲ್ಲಿ ಯಾವುದನ್ನು ನಿಜವಾಗಿ ಕೈಯಲ್ಲಿ ಹಿಡಿದಿದ್ದೀರಿ? ಯಾವ ಥರದ ರಿಜೆಕ್ಷನ್ ಜಾಸ್ತಿ ಬರುತ್ತಿತ್ತು, ಬಂದಾಗ ಯಾರಿಗೆ ಹೇಳುತ್ತಿದ್ದಿರಿ, ಆಮೇಲೆ ಏನು ಬದಲಾಯಿತು? ಇಂಥ ನಾಲ್ಕು ಸಾಲು ಬರೆದ ಹುಡುಗನ ಪೇಪರ್ ಮೇಲಕ್ಕೆ ಬರುತ್ತದೆ. ಗ್ಯಾಪ್ ಇದ್ದರೂ ಬರುತ್ತದೆ.

ನನಗೆ ನಿಜಕ್ಕೂ ಅನುಮಾನ ಬರೋದು ನಾಲ್ಕು ತಿಂಗಳಿಗೊಂದು ಕಂಪನಿ ಬದಲಾಯಿಸಿದವರ ಮೇಲೆ. ಒಂದು ಮೆಷಿನ್, ಒಂದು ಪಾರ್ಟ್ ಅರ್ಥವಾಗೋಕೇ ಮೂರು ತಿಂಗಳು ಬೇಕು. ಅವರನ್ನೂ ಸುಮ್ನೆ ತಳ್ಳಿಹಾಕಲ್ಲ, ಕಾರಣ ಕೇಳುತ್ತೇನೆ. ಕಾಂಟ್ರಾಕ್ಟ್ ಮುಗಿಯಿತು, ಕಂಪನಿ ಬಸ್ ನಿಂತುಹೋಯಿತು, ಇವೆಲ್ಲ ಒಪ್ಪುವಂಥ ಕಾರಣಗಳೇ. ಹಳೇ ಕಂಪನಿಯನ್ನು ಬೈಯೋಕೆ ಶುರು ಮಾಡಿದರೆ ಮಾತ್ರ ನನಗೆ ಕಷ್ಟ.

ಇನ್ನು ನಿಮ್ಮ ದಾಖಲೆಗಳ ವಿಷಯ. ಅರ್ಜಿ ಹಾಕುವ ಮೊದಲು ನಿಮ್ಮ ಯುಎಎನ್, ಅಂದರೆ ಆ ಹನ್ನೆರಡು ಅಂಕಿಯ ನಂಬರ್, ಹಾಕಿ ಪಿಎಫ್ ಪೋರ್ಟಲ್‌ನಲ್ಲಿ ಸರ್ವಿಸ್ ಹಿಸ್ಟರಿ ತೆಗೆದು ನೋಡಿ. ಸೇರಿದ ದಿನ, ಬಿಟ್ಟ ದಿನ ಅಲ್ಲಿರುತ್ತದೆ. ರೆಸ್ಯೂಮ್‌ನ ಡೇಟ್‌ಗಳು ಅದಕ್ಕೆ ಸರಿಯಾಗಿ ಕೂರಬೇಕು. ಹೊಸ ಕಂಪನಿಗೆ ಸೇರುವಾಗ ಫಾರ್ಮ್ 11 ಅಂತ ತುಂಬಿಸುತ್ತಾರೆ, ಅದರಲ್ಲೂ ಹಿಂದಿನ ಕೆಲಸ ಬಿಟ್ಟ ದಿನಾಂಕ ಕೇಳುತ್ತಾರೆ, ನೀವೇ ಸಹಿ ಹಾಕಬೇಕು. ಬಿಟ್ಟ ದಿನ ಖಾಲಿ ಇದ್ದರೆ ಹೆದರಬೇಡಿ. ಕೆಲವು ಸಣ್ಣ ಕಂಪನಿಗಳು ಅದನ್ನು ತುಂಬೋದೇ ಇಲ್ಲ. 2020ರಿಂದ ನಾವೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು, ಕೆಲಸ ಬಿಟ್ಟು ಎರಡು ತಿಂಗಳಾಗಿದ್ದರೆ ಸಾಕು. ಹಳೇ ಕಂಪನಿಯಿಂದ ರಿಲೀವಿಂಗ್ ಲೆಟರ್ ತಂದಿಲ್ಲ ಅಂತ ಬರೆದಿದ್ದೀರಲ್ಲ, ಮಾವನ ಲೆಟರಿಗೆ ಓಡಾಡುವ ಬದಲು ಅದಕ್ಕೆ ಓಡಾಡಿ. ನಿಮ್ಮ ಹಳೇ ಸೂಪರ್‌ವೈಸರ್‌ಗೆ ಫೋನ್ ಮಾಡಿ, ಯಾರಾದರೂ ಕೇಳಿದರೆ ಎರಡು ಮಾತು ಹೇಳ್ತೀರಾ ಸರ್ ಅಂತ ಕೇಳಿಡಿ.

ಅಮ್ಮನನ್ನು ನೋಡಿಕೊಂಡ ಒಂದೂವರೆ ವರ್ಷಕ್ಕೆ ಎರಡು ಸಾಲು ಸಾಕು. ಮೂರನೇ ಸಾಲು ಬೇಡ, ಕ್ಷಮೆ ಕೇಳುವ ಧಾಟಿಯಂತೂ ಬೇಡವೇ ಬೇಡ. ಆ ಅವಧಿಯಲ್ಲಿ ಆಟೋಕ್ಯಾಡ್ ಕಲಿತೆ ಅಂತ ಪ್ರಶ್ನೆಯಲ್ಲಿ ಹೇಳಿದ್ದೀರಿ, ಅದನ್ನು ಅಲ್ಲೇ ಸೇರಿಸಿ. ಕೇಳಿದರೆ ಕೂತು ಒಂದು ಡ್ರಾಯಿಂಗ್ ಹಾಕಿ ತೋರಿಸುವಷ್ಟು ಬರುತ್ತದೆ ಅಂತಾದರೆ ಮಾತ್ರ.

ಮತ್ತೆ ನಿಮ್ಮ ಮಾವನಿಗೆ ಇವತ್ತೇ ಫೋನ್ ಮಾಡಿ ಲೆಟರ್ ಬೇಡ ಅಂತ ಹೇಳಿಬಿಡಿ. ನನ್ನ ಮಾವ ನನಗೋಸ್ಕರ ಗೊತ್ತಿಲ್ಲದ ಒಬ್ಬ ಹೆಣ್ಣುಮಗಳಿಗೆ ಫೋನ್‌ನಲ್ಲಿ ಸುಳ್ಳು ಹೇಳಿದರು, ಅದೂ ತಡವರಿಸಿ. ಜೀವನವಿಡೀ ಯಾರಿಗೂ ಐದು ರೂಪಾಯಿ ಬಾಕಿ ಇಟ್ಟುಕೊಳ್ಳದೆ ಅಂಗಡಿ ನಡೆಸಿದವರು ಅವರು. ಆಫರ್ ವಾಪಸ್ ಹೋದ ಮೇಲೆ ತನ್ನಿಂದಲೇ ಹುಡುಗನ ಕೆಲಸ ಹೋಯಿತು ಅಂದುಕೊಂಡು ಎರಡು ವರ್ಷ ನಮ್ಮ ಮನೆಗೆ ಬರಲಿಲ್ಲ. ತಂಗಿ ಮದುವೆಗೆ ನಾನೇ ಹೋಗಿ, ಅಂಗಡಿ ಬಾಗಿಲಲ್ಲಿ ಕಾಲಿಗೆ ಬಿದ್ದು ಕರೆದುಕೊಂಡು ಬಂದೆ.