ದಿನವೂ ಹಚ್ಚಲು ಎಸ್‌ಪಿಎಫ್ ಇರುವ ಮಾಯಿಶ್ಚರೈಸರ್ ಯಾವುದು ಒಳ್ಳೆಯದು, 15 ಸಾಕೇ 30 ಬೇಕೇ?

ಘಟ್ಟದ ಮೇಲಿನಿಂದ ಕಾರವಾರಕ್ಕೆ ಕೆಲಸಕ್ಕೆ ಬಂದಿದ್ದೀರಿ, ಓಡಾಟವೆಲ್ಲ ಸ್ಕೂಟರಿನಲ್ಲಿ, ಬೆಳಿಗ್ಗೆ ಎರಡೆರಡು ಕ್ರೀಮು ಹಚ್ಚಿಕೊಳ್ಳಲು ಪುರುಸೊತ್ತಿಲ್ಲ, ಆದ್ದರಿಂದ ಒಂದೇ ಡಬ್ಬಿಯಲ್ಲಿ ಎರಡೂ ಕೆಲಸ ಮುಗಿಯಬೇಕು ಎಂದು ಬರೆದಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಪ್ರಶ್ನೆಯನ್ನು ಅಂಗಡಿಯವನಿಗೆ ಕೇಳಿದ್ದೆ, ಅವನು ಕೊಟ್ಟ ಉತ್ತರವನ್ನು ನಂಬಿಯೂ ಇದ್ದೆ.

ನಾನು ಹುಟ್ಟಿ ಬೆಳೆದದ್ದು ಶಿರಸಿ ತಾಲೂಕಿನ ಅಡಿಕೆ ತೋಟಗಳ ನಡುವೆ. ನಮ್ಮಲ್ಲಿ ಬಿಸಿಲೆಂದರೆ ಅಂಗಳದಲ್ಲಿ ಅಡಿಕೆ ಒಣಗಿಸಲು ಬೇಕಾದದ್ದು. ಮುಖಕ್ಕೆ ಅದರಿಂದ ರಕ್ಷಣೆ ಬೇಕೆಂದು ಯಾರೂ ಹೇಳಿದ್ದಿಲ್ಲ. ಚಳಿಗಾಲದಲ್ಲಿ ತುಟಿ, ಹಿಮ್ಮಡಿ ಒಡೆದರೆ ಮುರುಗಲು ತುಪ್ಪ ಸವರಿಕೊಂಡು ಮಲಗುತ್ತಿದ್ದೆವು, ಅಷ್ಟೇ. ಕಾರವಾರದ ಪ್ರೌಢಶಾಲೆಯೊಂದಕ್ಕೆ ವಿಜ್ಞಾನ ಶಿಕ್ಷಕಿಯಾಗಿ ಬಂದಾಗ ಬಾಡಿಗೆ ಮನೆ ಸಿಕ್ಕಿದ್ದು ಕಾಳಿ ನದಿಯ ಆಚೆ ದಡದ ಸದಾಶಿವಗಡದಲ್ಲಿ. ದಿನವೂ ಸೇತುವೆ ದಾಟಿ ಬರಬೇಕು, ಸೇತುವೆಯ ಮೇಲೆ ನೆರಳೆಂಬುದು ಇಲ್ಲ. ಅಂಗಡಿಯವನು ‘ಮೇಡಂ, ಇದರಲ್ಲಿ ಎಲ್ಲಾ ಬಂತು’ ಎಂದು ಕೊಟ್ಟದ್ದು 50 ಗ್ರಾಮಿನ ಒಂದು ಡೇ ಕ್ರೀಮು. ಮೇಲೆ ಎಸ್‌ಪಿಎಫ್ 15, ಪಿಎ++ ಎಂದು ಬರೆದಿತ್ತು; ಎರಡೂ ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆ ಎಂದು ಹೇಳುವ ಗುರುತುಗಳು.

ಶಿವರಾತ್ರಿಯ ಹೊತ್ತಿಗೆ ತಂದ ಆ ಡಬ್ಬಿ ಚೌತಿಯ ತನಕ ಬಂತು. ಚೆನ್ನಾಗಿ ಬಾಳಿಕೆ ಬರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಅದನ್ನು ಹೊಗಳಿದ್ದೂ ಉಂಟು. ಎಲ್ಲ ಹಾಳಾದದ್ದು ಅಲ್ಲಿಯೇ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ‘15 ಅಥವಾ 30’ ಎಂಬ ಪ್ರಶ್ನೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಎಸ್‌ಪಿಎಫ್ ಎಂಬ ಅಂಕಿಯನ್ನು ಪ್ರಯೋಗಾಲಯದಲ್ಲಿ ನಿರ್ಧರಿಸುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಮಿನಂತೆ ಕ್ರೀಮು ಹಚ್ಚಿ ಅಳೆಯುತ್ತಾರೆ. ಮುಖ ಮತ್ತು ಕತ್ತಿನ ಮುಂಭಾಗ ಸೇರಿ ಸುಮಾರು 600 ಚದರ ಸೆಂಟಿಮೀಟರ್ ಎಂದು ಹಿಡಿದರೆ ಒಂದು ಸಲಕ್ಕೆ 1.2 ಗ್ರಾಂ ಬೇಕಾಗುತ್ತದೆ. ಅಂದರೆ ದಿನಕ್ಕೆ ಒಂದೇ ಬಾರಿ ಹಚ್ಚಿದರೂ 50 ಗ್ರಾಮಿನ ಡಬ್ಬಿ ಒಂದೂವರೆ ತಿಂಗಳೊಳಗೆ ತಳ ಕಾಣಬೇಕು. ನನ್ನದು ಆರು ತಿಂಗಳು ಬಂದಿತೆಂದರೆ, ನಾನು ಹಚ್ಚುತ್ತಿದ್ದುದು ಬೇಕಾದುದರ ಕಾಲು ಭಾಗದ ಆಸುಪಾಸು. ಬೆರಳ ತುದಿಯಲ್ಲಿ ಕಡಲೆಕಾಳಿನಷ್ಟು ತೆಗೆದು, ಹಣೆಗೊಂದು, ಮೂಗಿಗೊಂದು, ಕೆನ್ನೆಗೆರಡು, ಗದ್ದಕ್ಕೊಂದು ಚುಕ್ಕೆ ಇಟ್ಟು ತಿಕ್ಕಿದರೆ ಆಯಿತು, ಜಾಹೀರಾತಿನಲ್ಲಿ ತೋರಿಸುವುದೂ ಹಾಗೆಯೇ ಅಲ್ಲವೇ? 15ರ ಕಾಲು ಭಾಗ ಎಂದು ಸುಲಭದ ಲೆಕ್ಕ ಹಾಕಿದರೂ ಅದು ನಾಲ್ಕನ್ನು ಮುಟ್ಟುವುದಿಲ್ಲ. ಪದರ ತೆಳುವಾದಷ್ಟೂ ಚರ್ಮದ ಗೆರೆಗಳ ಮೇಲೆ ಒಂದೇ ಸಮನಾಗಿ ಹರಡದೆ ಅಲ್ಲಲ್ಲಿ ಬಯಲು ಉಳಿಯುವುದರಿಂದ ನಿಜವಾಗಿ ದಕ್ಕುವುದು ಇನ್ನೂ ಕಡಿಮೆಯೇ ಇದ್ದೀತು. ಎಸ್‌ಪಿಎಫ್ ನಾಲ್ಕನ್ನು ಯಾರಾದರೂ ದುಡ್ಡು ಕೊಟ್ಟು ಕೊಳ್ಳುತ್ತಾರೆಯೇ? ನಾನು ಕೊಂಡಿದ್ದೆ, ಅದೂ 15ರ ಬೆಲೆಗೆ.

ಹಾಗಾದರೆ ಜಾಸ್ತಿ ಹಚ್ಚಬಹುದಿತ್ತಲ್ಲ ಎಂದರೆ, ಅದು ಆಗುವ ಮಾತಲ್ಲ. ಮಾಯಿಶ್ಚರೈಸರ್ ಎಂಬುದು ಮೂಲತಃ ಸ್ವಲ್ಪವೇ ಹಚ್ಚಲೆಂದು ಮಾಡಿದ ವಸ್ತು. ಜಿಡ್ಡು ಜಾಸ್ತಿ ಇರುವ ಆ ಕ್ರೀಮನ್ನು 1.2 ಗ್ರಾಮಿನಂತೆ ಕಾರವಾರದ ಏಪ್ರಿಲ್ ಸೆಕೆಯಲ್ಲಿ ಒಮ್ಮೆ ಹಚ್ಚಿ ನೋಡಿ, ಕೋಡಿಬಾಗ ಬರುವಷ್ಟರಲ್ಲಿ ಮುಖ ಎಣ್ಣೆ ಸವರಿದ ಕಾವಲಿಯಾಗಿರುತ್ತದೆ. ಕೈ ತಾನಾಗಿಯೇ ಹಿಂದೆಗೆಯುತ್ತದೆ. ಸನ್‌ಸ್ಕ್ರೀನನ್ನು ದಪ್ಪಗೆ ಹಚ್ಚಲೆಂದೇ ತಯಾರಿಸಿರುತ್ತಾರೆ. ವ್ಯತ್ಯಾಸ ಇರುವುದು ಇಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅದೇ ಜನರಿಗೆ ಒಮ್ಮೆ ಸನ್‌ಸ್ಕ್ರೀನ್, ಇನ್ನೊಮ್ಮೆ ಎಸ್‌ಪಿಎಫ್ ಇರುವ ಮಾಯಿಶ್ಚರೈಸರ್ ಕೊಟ್ಟು ಹಚ್ಚಿಕೊಳ್ಳಲು ಹೇಳಿ, ನೇರಳಾತೀತ ಬೆಳಕನ್ನು ಗುರುತಿಸುವ ಕ್ಯಾಮೆರಾದಿಂದ ಫೋಟೋ ತೆಗೆದರು. ಸನ್‌ಸ್ಕ್ರೀನಿನಲ್ಲಿ ಮುಖದ ಶೇ. 11.1ರಷ್ಟು ಜಾಗ ಬಿಟ್ಟುಹೋಗಿದ್ದರೆ ಮಾಯಿಶ್ಚರೈಸರಿನಲ್ಲಿ ಶೇ. 16.6ರಷ್ಟು ಬಿಟ್ಟುಹೋಗಿತ್ತು. ಕಣ್ಣಿನ ಸುತ್ತಲ ಭಾಗವಂತೂ ಇನ್ನೂ ಕಡೆ.

ಎರಡನೇ ಬೇಸಿಗೆ ಕಳೆಯುವ ಹೊತ್ತಿಗೆ ಕೆನ್ನೆಯ ಮೇಲೆ ಕಂದು ಬಣ್ಣದ ಕಲೆ ಎದ್ದಿತು. ಸೆಕೆಗೆ ಕಪ್ಪಾಗಿದ್ದೇನೆ, ಮಳೆಗಾಲದಲ್ಲಿ ಹೋಗುತ್ತದೆ ಎಂದುಕೊಂಡೆ. ಊರಿನ ಮದುವೆಯೊಂದಕ್ಕೆ ಹೋದಾಗ ದೊಡ್ಡಮ್ಮ ಬಡಿಸುತ್ತಿದ್ದವಳು ಸೌಟು ಹಿಡಿದುಕೊಂಡೇ ನಿಂತು ‘ಮುಖಕ್ಕೆ ಎಂತ ಆತೇ ತಂಗಿ?’ ಎಂದು ಕೇಳಿದ ಮೇಲೆ, ಅರಬೈಲು ಘಟ್ಟ ಹತ್ತಿ ಹುಬ್ಬಳ್ಳಿಯ ಚರ್ಮರೋಗ ತಜ್ಞೆಯೊಬ್ಬರಲ್ಲಿಗೆ ಹೋದೆ. ಬಂಗು ಎಂದರು. ಬಂಗು ಬಿಸಿಲೊಂದರಿಂದಲೇ ಬರುವುದಿಲ್ಲ, ಮನೆತನದಲ್ಲಿ ಇದ್ದರೆ, ಹಾರ್ಮೋನಿನ ಏರುಪೇರಿದ್ದರೆ ಬೇಗ ಹಿಡಿಯುತ್ತದೆ; ನನ್ನ ಅಮ್ಮನಿಗೂ ಇತ್ತು. ಆದರೆ ಅದನ್ನು ಎಬ್ಬಿಸುವುದೂ ಗಾಢವಾಗಿಸುವುದೂ ಬಿಸಿಲೇ. ದಿನವೂ ಹಚ್ಚುತ್ತೇನಲ್ಲ ಎಂದು ನಾನು ವಾದಿಸಿದ್ದಕ್ಕೆ ಅವರು ಸಿಟ್ಟಾಗದೆ, ಒಂದು ಟ್ಯೂಬ್ ಮುಂದಿಟ್ಟು, ಮನೆಯಲ್ಲಿ ಹಚ್ಚುವ ಹಾಗೆಯೇ ಹಚ್ಚಿ ತೋರಿಸಿ ಎಂದರು. ನಾನು ಚುಕ್ಕೆ ಇಟ್ಟೆ. ಅವರು ತಮ್ಮ ತೋರುಬೆರಳು ಮತ್ತು ನಡುಬೆರಳಿನ ಬುಡದಿಂದ ತುದಿಯವರೆಗೆ ಎರಡು ಗೆರೆ ಎಳೆದು, ಮುಖಕ್ಕೂ ಕತ್ತಿಗೂ ಸೇರಿ ಇಷ್ಟು ಬೇಕು ಎಂದು ತೋರಿಸಿದರು. ಆಮೇಲೆ ಎಡಗಡೆ ಏಕೆ ಹೆಚ್ಚು ಕಪ್ಪಾಗಿದೆ ಎಂದು ಕೇಳಿದರು.

ಅದರ ಉತ್ತರ ನನಗೆ ಮರಳಿ ಬರುವಾಗ ಬಸ್ಸಿನಲ್ಲಿ ಹೊಳೆಯಿತು. ಸದಾಶಿವಗಡ ನದಿಯ ಉತ್ತರಕ್ಕಿದೆ, ಕಾರವಾರ ದಕ್ಷಿಣಕ್ಕಿದೆ. ಬೆಳಿಗ್ಗೆ ದಕ್ಷಿಣಕ್ಕೆ ಮುಖ ಮಾಡಿ ಸೇತುವೆ ದಾಟುವಾಗ ಪೂರ್ವದ ಸೂರ್ಯ ಎಡಗಡೆ; ಮಧ್ಯಾಹ್ನದ ಮೇಲೆ ಉತ್ತರಕ್ಕೆ ಮುಖ ಮಾಡಿ ಮರಳುವಾಗ ಸೂರ್ಯ ಸಮುದ್ರದ ಕಡೆಗೆ ಇಳಿದಿರುತ್ತಾನೆ, ಆಗಲೂ ಎಡಗಡೆಯೇ. ಸೆಕೆಗೆ ಬೇಸತ್ತು ಹೆಲ್ಮೆಟ್ಟಿನ ಗಾಜನ್ನು ನಾನು ಯಾವಾಗಲೂ ಮೇಲೆತ್ತಿಕೊಂಡೇ ಓಡಿಸುತ್ತಿದ್ದೆ. ನೇರಳಾತೀತ ಕಿರಣಗಳ ಪಾಠವನ್ನು ಮಕ್ಕಳಿಗೆ ಹೇಳಿಕೊಡುವವಳು ನಾನು!

ಮಳೆಗಾಲದ ವಿಷಯವನ್ನೂ ಹೇಳಿಬಿಡುತ್ತೇನೆ. ಜೂನ್ ಬಂತೆಂದರೆ ನಾನು ಕ್ರೀಮು ಹಚ್ಚುವುದನ್ನೇ ಬಿಡುತ್ತಿದ್ದೆ, ಅದೂ ತಪ್ಪೇ. ಕಾರವಾರ ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಆದ್ದರಿಂದ ನಡುಹಗಲಿನ ಸೂರ್ಯ ನಮ್ಮ ನೆತ್ತಿಯ ಮೇಲೆ ನೇರವಾಗಿ ಬರುವುದು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮುಗಿಯುವ ಹೊತ್ತಿಗೊಮ್ಮೆ, ಆಗಸ್ಟ್ ನಡುವಿನಲ್ಲಿ ಇನ್ನೊಮ್ಮೆ. ಕಪ್ಪು ಮೋಡ ದಟ್ಟೈಸಿದ್ದರೆ ಚಿಂತೆಯಿಲ್ಲ. ಮಳೆ ಬಿಟ್ಟು ತೆಳು ಮೋಡ ಇರುವ ದಿನ ನೇರಳಾತೀತ ಕಿರಣಗಳ ಬಹುಪಾಲು ಅದನ್ನು ತೂರಿ ಕೆಳಗೆ ಬರುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನ್ನ ಅಭಿಪ್ರಾಯದಲ್ಲಿ ಕಾರವಾರದಲ್ಲಿ ಸ್ಕೂಟರ್ ಓಡಿಸುವವರು ಎಸ್‌ಪಿಎಫ್ ಇರುವ ಮಾಯಿಶ್ಚರೈಸರನ್ನು ಹುಡುಕಲೇಬಾರದು. ಒಂದೇ ಡಬ್ಬಿ ಬೇಕೆಂಬ ನಿಮ್ಮ ಆಸೆ ಸರಿಯಾದದ್ದೇ, ಆದರೆ ಆ ಡಬ್ಬಿ ಸನ್‌ಸ್ಕ್ರೀನಿನದ್ದಾಗಿರಲಿ. ಕರಾವಳಿಯ ತೇವದ ಗಾಳಿಯಲ್ಲಿ ಬೆಳಗಿನ ಹೊತ್ತು ಬೇರೆ ಮಾಯಿಶ್ಚರೈಸರಿನ ಅಗತ್ಯ ಹೆಚ್ಚಿನವರಿಗೆ ಇರುವುದೇ ಇಲ್ಲ, ಇದ್ದರೂ ಗ್ಲಿಸರಿನ್‌ನಂಥ ತೇವ ಹಿಡಿಯುವ ಅಂಶ ಇರುವ ಲೋಷನ್ ಮಾದರಿಯ ಸನ್‌ಸ್ಕ್ರೀನ್ ಆ ಕೆಲಸವನ್ನೂ ಮಾಡುತ್ತದೆ. ಚರ್ಮಕ್ಕೆ ಆರೈಕೆ ಬೇಕೆನಿಸಿದರೆ ರಾತ್ರಿ ಮಾಡಿಕೊಳ್ಳಿ. ಡಿಸೆಂಬರಿನಲ್ಲಿ ಶಿರಸಿಗೆ ಹೋದಾಗ ಮುಖ ಬಿಗಿಯುತ್ತದೆ ಎಂದಾದರೆ ಮೊದಲು ಮಾಯಿಶ್ಚರೈಸರ್ ಹಚ್ಚಿ, ಅದು ಆರಿದ ಮೇಲೆ ಸನ್‌ಸ್ಕ್ರೀನ್ ಹಚ್ಚಿ. ಬೆಳಿಗ್ಗೆ ಕೊಬ್ಬರಿ ಎಣ್ಣೆ ಸವರಿದರೆ ಸಾಕು ಎನ್ನುವವರು ಇಲ್ಲಿ ಮನೆಗೊಬ್ಬರು ಸಿಗುತ್ತಾರೆ, ಗೌರವದಿಂದಲೇ ಕೇಳಿ ಬಿಟ್ಟುಬಿಡಿ.

ಅಂಕಿಯ ವಿಷಯ ಚಿಕ್ಕದು. ಸರಿಯಾದ ಪ್ರಮಾಣದಲ್ಲಿ ಹಚ್ಚಿದರೆ 15 ಎಂಬುದು ಯುವಿಬಿ ಎಂಬ ನೇರಳಾತೀತ ಕಿರಣಗಳ ಶೇ. 93ರಷ್ಟನ್ನು, 30 ಶೇ. 97ರಷ್ಟನ್ನು, 50 ಶೇ. 98ರಷ್ಟನ್ನು ತಡೆಯುತ್ತದೆ. ನಾವ್ಯಾರೂ ಅಳತೆಗೆ ಸರಿಯಾಗಿ ಹಚ್ಚುವುದಿಲ್ಲವಾದ್ದರಿಂದ 30ಕ್ಕಿಂತ ಕಡಿಮೆಯದ್ದು ಬೇಡ, 50 ಸಿಕ್ಕರೆ ಒಳ್ಳೆಯದು, ಅದಕ್ಕೂ ಮೇಲಿನದಕ್ಕೆ ಹೆಚ್ಚು ಹಣ ಸುರಿಯುವ ಅಗತ್ಯ ನನಗೆ ಕಾಣುವುದಿಲ್ಲ. ಅಂಕಿಗಿಂತ ಮುಖ್ಯವಾದದ್ದು ಅದರ ಪಕ್ಕದಲ್ಲಿರುವ ಪಿಎ ಗುರುತು. ಎಸ್‌ಪಿಎಫ್ ಹೇಳುವುದು ಬಹುಮಟ್ಟಿಗೆ ಚರ್ಮವನ್ನು ಸುಡುವ ಯುವಿಬಿಯ ಮಾತನ್ನು. ಕಿಟಕಿಯ ಗಾಜನ್ನೂ ದಾಟಿ ಬರುವ, ಬಣ್ಣ ಕೆಡಿಸುವ ಯುವಿಎಯನ್ನು ಎಷ್ಟು ತಡೆಯುತ್ತದೆ ಎಂಬುದಕ್ಕೆ ಜಪಾನಿನವರು ಮಾಡಿದ ಅಳತೆ ಪಿಎ. ಅದರಲ್ಲಿ ನಾಲ್ಕು ಪ್ಲಸ್ ಇದ್ದರೆ ಅತಿ ಹೆಚ್ಚು, ಮೂರಕ್ಕಿಂತ ಕಡಿಮೆ ಇದ್ದರೆ ಅಂಗಡಿಯಲ್ಲೇ ಬಿಟ್ಟು ಬನ್ನಿ. ಬಂಗು ಈಗಾಗಲೇ ಇರುವವರು ಐರನ್ ಆಕ್ಸೈಡ್ ಸೇರಿಸಿದ, ಮೈಬಣ್ಣದ ಛಾಯೆಯಿರುವ ಸನ್‌ಸ್ಕ್ರೀನ್ ಕೊಳ್ಳುವುದು ಮೇಲು, ಏಕೆಂದರೆ ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಕೆರಳಿಸುತ್ತದೆ, ಅದನ್ನು ಸಾಮಾನ್ಯ ಸನ್‌ಸ್ಕ್ರೀನ್ ತಡೆಯುವುದಿಲ್ಲ. ಇಂಥದ್ದರಲ್ಲಿ ಜಿಂಕ್ ಆಕ್ಸೈಡಿನ ಬಿಳಿಚು ನಮ್ಮಂಥ ಗೋಧಿ ಬಣ್ಣದವರ ಮುಖದ ಮೇಲೆ ಎದ್ದು ಕಾಣುವ ತೊಂದರೆಯೂ ಕಡಿಮೆ.

ಬೆಲೆಯನ್ನು ಡಬ್ಬಿಗೆ ಎಷ್ಟು ಎಂದು ನೋಡದೆ, ಗ್ರಾಮಿಗೆ ಎಷ್ಟು ಎಂದು ನೋಡಿ. ತಿಂಗಳಿಗೊಂದು ಟ್ಯೂಬ್ ಮುಗಿದರೂ ಮನಸ್ಸಿಗೆ ಕಸಿವಿಸಿಯಾಗದಷ್ಟು ಅಗ್ಗವಾಗಿರಬೇಕು. ಸಾವಿರ ರೂಪಾಯಿಯ ಟ್ಯೂಬನ್ನು ಹಿಂಡಲು ಹಿಂಜರಿಯುವವರಿಗಿಂತ ಮುನ್ನೂರರದ್ದನ್ನು ಧಾರಾಳವಾಗಿ ಹಚ್ಚುವವರ ಮುಖ ಸುರಕ್ಷಿತ. ಇಡೀ ದಿನ ಕಿಟಕಿಯಿಂದ ದೂರ ಕುಳಿತು ಕೆಲಸ ಮಾಡುವವರಿಗೆ, ಬಿಸಿಲಿಗೆ ಬರುವುದು ಬಸ್‌ಸ್ಟ್ಯಾಂಡಿನ ತನಕ ಮಾತ್ರ ಎನ್ನುವವರಿಗೆ ನೀವು ಕೇಳಿದ ಮಾಯಿಶ್ಚರೈಸರ್ ನಡೆದೀತು, ಅದನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ನಿಮ್ಮ ದಿನಚರಿ ಅಂಥದ್ದಲ್ಲ.

ಕ್ರೀಮಿಗಿಂತಲೂ ಮೊದಲು ಮಾಡಬೇಕಾದ ಕೆಲಸ ಹೆಲ್ಮೆಟ್ಟಿನ ಗಾಜನ್ನು ಕೆಳಗಿಳಿಸುವುದು. ಪಾಲಿಕಾರ್ಬೊನೇಟ್ ಗಾಜು ನೇರಳಾತೀತ ಕಿರಣಗಳ ಬಹುಭಾಗವನ್ನು ತಾನೇ ತಡೆಯುತ್ತದೆ, ಬೆವರಿಗೆ ಕರಗುವುದೂ ಇಲ್ಲ. ಒತ್ತಾದ ನೇಯ್ಗೆಯ ಹತ್ತಿಯ ವೇಲನ್ನು ಕತ್ತಿಗೆ ಸುತ್ತಿಕೊಳ್ಳಿ. ಹ್ಯಾಂಡಲ್ ಹಿಡಿದ ಕೈಗಳ ಹಿಂಬದಿಯನ್ನೂ ಮರೆಯಬೇಡಿ.

ಬಂಗು ನನಗೆ ಪೂರ್ತಿ ಹೋಗಿಲ್ಲ. ವೈದ್ಯರು ಬರೆದುಕೊಟ್ಟ ಮುಲಾಮಿನಿಂದ ತಿಳಿಯಾಯಿತು, ಬೇಸಿಗೆಯಲ್ಲಿ ಅಲಕ್ಷ್ಯ ಮಾಡಿದರೆ ಮತ್ತೆ ಮೂಡುತ್ತದೆ. ನಿಮ್ಮ ಕೆನ್ನೆಯಲ್ಲಿ ಅಂಥ ಕಲೆ ಕಂಡರೆ ಔಷಧಿ ಅಂಗಡಿಯಲ್ಲಿ ಬೆಳ್ಳಗಾಗುವ ಕ್ರೀಮು ಕೇಳಿ ತರಬೇಡಿ. ಹಾಗೆ ಕೈಗೆ ಬರುವವುಗಳಲ್ಲಿ ಸ್ಟೀರಾಯ್ಡ್ ಬೆರೆತವು ಇರುತ್ತವೆ, ಮೊದಲ ವಾರ ಮುಖ ಹೊಳೆದು ಆಮೇಲೆ ಚರ್ಮ ತೆಳುವಾಗಿ ಕೆಂಪಾಗುತ್ತದೆ.

ಇನ್ನು ಹಚ್ಚುವ ಹೊತ್ತು. ಹೊರಡುವ ಕಾಲು ಗಂಟೆ ಮೊದಲು ಒಮ್ಮೆ ಹಚ್ಚಿ, ಬಿಸಿಲಿನಲ್ಲೇ ಇರುವುದಾದರೆ ಎರಡು ಗಂಟೆಗೊಮ್ಮೆ ಎನ್ನುವುದು ನಿಯಮ. ಒಳಗೆ ಕೆಲಸ ಮಾಡುವವರು ಮನೆಗೆ ಹೊರಡುವ ಮೊದಲು ಬೆವರು ಒರೆಸಿಕೊಂಡು ಇನ್ನೊಮ್ಮೆ ಹಚ್ಚಿದರೆ ನಡೆಯುತ್ತದೆ. ಅದಕ್ಕಾಗಿ ಎರಡನೆಯ ಟ್ಯೂಬನ್ನು ಕಚೇರಿಯ ಡ್ರಾಯರಿನಲ್ಲಿ ಇಡಿ. ಸ್ಕೂಟರಿನ ಡಿಕ್ಕಿಯಲ್ಲಿ ಇಟ್ಟರೆ ಬಿಸಿಲಿಗೆ ಕಾದು ಎಣ್ಣೆ ಬೇರೆ, ನೀರು ಬೇರೆಯಾಗಿ ಸೋರುತ್ತದೆ, ಹಾಗಾದದ್ದನ್ನು ಮತ್ತೆ ಬಳಸಬಾರದು.