ಕಾಟಾದ ಮ್ಯಾಲ ಲಾರಿ, ಡೇಟಾಬೇಸ್‌ದಾಗ ಇಸ್ರೇಲ್ ಟೈಮ್

ಪ್ರಶ್ನೆ: ನಮಸ್ಕಾರ್ರಿ ಸರ್. ಇಲ್ಲಿ ಒಂದು ದಾಲ್ ಮಿಲ್ಲಿಗೆ ತೊಗರಿ ಲಾರಿ ತೂಕ ಬರ್ಕೊಳ್ಳಾಕ ಪೈಥಾನ್‌ದಾಗ ಸಣ್ಣ ಪ್ರೋಗ್ರಾಮ್ ಮಾಡೀನಿ, ಲಾರಿ ಕಾಟಾಕ್ಕ ಬಂದ ಟೈಮ್ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಹೋಗ್ತದ. ಮನ್ಯಾಗ ಉಬುಂಟು ಲ್ಯಾಪ್‌ಟಾಪ್‌ದಾಗ ಟೈಮಿನ ಕೊನಿಗೆ ಐಎಸ್‌ಟಿ ಅಂತ ಬರ್ತದ, ಎಲ್ಲಾ ಚಂದ ನಡೀತದ. ಮಿಲ್ಲಿನ ವಿಂಡೋಸ್ ಪಿಸಿದಾಗ ಅದೇ ಕೋಡ್ ‘ಇಂಡಿಯಾ ಸ್ಟ್ಯಾಂಡರ್ಡ್ ಟೈಮ್’ ಅಂತ ಪೂರಾ ಬರೀತದ, ಡೇಟಾಬೇಸ್ ಎರರ್ ಹೊಡೀತದ. ಟೈಮ್‌ನ ಸ್ಟ್ರಿಂಗ್ (ಅಕ್ಷರ) ಮಾಡೋ ಎಸ್‌ಟಿಆರ್‌ಎಫ್‌ಟೈಮ್‌ಗೆ, ಝೋನಿನ ಹೆಸರು ಬರ್ಲಿ ಅಂತ, ಪರ್ಸೆಂಟ್ ಕ್ಯಾಪಿಟಲ್ ಝೆಡ್ ಕೊಟ್ಟೀನಿ. ವಿಂಡೋಸ್ ಸುದ್ದಾ ಐಎಸ್‌ಟಿ ಅಂತ ಬರೀಬೇಕಂದ್ರ ಏನ್ ಮಾಡ್ಬೇಕ್ರಿ?
– ಒಬ್ಬ ಓದುಗ, ಕಲಬುರಗಿ

ಉತ್ತರ: ಅದೊಂದು ಮಾಡಬ್ಯಾಡ್ರಿ. ಎರರ್ ಹೊಡ್ದ ವಿಂಡೋಸೇ ನಿಮ್ಮನ್ನ ಉಳಿಸ್ಯಾದ, ಚಂದ ನಡೀತದ ಅಂದ್ರಲ್ಲ ಆ ಉಬುಂಟು ಎಂಟ್ರಿಗಳನ್ನ ಮೊದ್ಲ ತೆಗ್ದು ನೋಡ್ರಿ.

ಯಾಕಂದ್ರ ಪೋಸ್ಟ್‌ಗ್ರೆಸ್‌ನ ಡಿಫಾಲ್ಟ್ ಪಟ್ಟಿದಾಗ ಐಎಸ್‌ಟಿ ಅಂದ್ರ ಇಂಡಿಯಾ ಅಲ್ಲ, ಇಸ್ರೇಲ್. ಜಗತ್ತಿನ ಮೂಲ ಟೈಮ್ ಆದ ಯುಟಿಸಿಗಿಂತ 2 ತಾಸು ಮುಂದ, ನಮ್ದು 5:30 ಮುಂದ. ಮುಂಜಾನೆ 10ಕ್ಕ ಕಾಟಾ ಹತ್ತಿದ ಲಾರಿ ಡೇಟಾಬೇಸ್‌ಗೆ ಹೋಗಿ ನಮ್ಮ ಟೈಮಿಗೆ ತಿರುಗಿ ಬಂದಾಗ ಮಧ್ಯಾಹ್ನ 1:30 ಅಂತ ಕಾಣ್ತದ, ರಾತ್ರಿ 9ಕ್ಕ ಬಂದ ಲಾರಿದಂತೂ ತಾರೀಖೇ ಮರುದಿನದ್ದಾಗಿ ಕುಂದರ್ತದ, ಇಷ್ಟೆಲ್ಲಾ ಆದ್ರೂ ಒಂದು ವಾರ್ನಿಂಗ್ ಸುದ್ದಾ ಇಲ್ಲ. ಪೋಸ್ಟ್‌ಗ್ರೆಸ್ 18ನೇ ಆವೃತ್ತಿಯಿಂದ ಅದು ಮೊದ್ಲ ಸೆಷನ್ನಿನ (ಡೇಟಾಬೇಸ್ ಜೋಡಿ ನಿಮ್ಮ ಕನೆಕ್ಷನ್ನಿನ) ಟೈಮ್‌ಝೋನ್ ನೋಡ್ತದ, ಆದ್ರ ನಿಮ್ಮ ಸೆಷನ್ ಯುಟಿಸಿ ಮ್ಯಾಲ ಇದ್ರ ಮತ್ತ ಇಸ್ರೇಲೇ. ಇದೇ ಮೂರಕ್ಷರ ಜಾವಾ ಪ್ರೋಗ್ರಾಮಿಂಗ್ ಭಾಷಾಕ್ಕ ಕೊಟ್ರ ಇಂಡಿಯಾ ಅಂತದ. ಐರ್ಲೆಂಡಿನವರ ಬೇಸಿಗಿ ಟೈಮಿಗೂ ಐಎಸ್‌ಟಿ ಅಂತನೇ ಹೆಸರು.

ಎರಡು ಓಎಸ್ ಬ್ಯಾರೆ ಬ್ಯಾರೆ ಯಾಕ ಬರೀತಾವ ಅಂದ್ರ, ಸಿ ಭಾಷಾದ ಸ್ಟ್ಯಾಂಡರ್ಡ್‌ದಾಗೇ ಕ್ಯಾಪಿಟಲ್ ಝೆಡ್‌ಗೆ ‘ಝೋನಿನ ಹೆಸರು ಇಲ್ಲಾ ಸಂಕ್ಷಿಪ್ತ ರೂಪ’ ಅಂತ ಬಿಟ್ಟಾರ. ಲಿನಕ್ಸ್, ಮ್ಯಾಕ್ ಐಎಎನ್‌ಎ ಅನ್ನೋ ಟೈಮ್‌ಝೋನ್ ಡೇಟಾಬೇಸಿನ ಏಷ್ಯಾ/ಕೋಲ್ಕತಾದಿಂದ ಐಎಸ್‌ಟಿ ತಗೋತಾವ, ವಿಂಡೋಸ್ ತನ್ನ ರಿಜಿಸ್ಟ್ರಿದಾಗಿನ ಉದ್ದ ಹೆಸರು ಕೊಡ್ತದ, ಇಬ್ಬರೂ ನಿಯಮ ಮುರ್ದಿಲ್ಲ. ಸ್ಮಾಲ್ ಝೆಡ್ ಹಾಕಿದ್ರ +0530 ಬರ್ತದ, ಅದು ವಾಸಿ, ಆದ್ರ ಮೈಕ್ರೋಸಾಫ್ಟ್‌ನ ವಿಷುವಲ್ ಸ್ಟುಡಿಯೋ 2015ಕ್ಕಿಂತ ಹಳೇ ಕಂಪೈಲರ್‌ಗಳು ಸ್ಮಾಲ್ ಝೆಡ್‌ಗೂ ಹೆಸರೇ ಬರೀತಿದ್ವು. ಮ್ಯಾಲಿಂದ ಕೋಲನ್ ಜಗಳ ಒಂದದ: ಪೈಥಾನ್ 3.11ಕ್ಕಿಂತ ಮೊದ್ಲ ಟೈಮಿನ ಸ್ಟ್ರಿಂಗ್ ಓದೋ ಫ್ರಮ್‌ಐಸೋಫಾರ್ಮ್ಯಾಟ್‌ಗೆ +05:30 ನಡೀತಿತ್ತು, +0530 ಕೊಟ್ರ ಒಲ್ಲೆ ಅಂತಿತ್ತು.

ಅದಕ್ಕ ನನ್ನ ಮಾತು ಕೇಳ್ತೀರಂದ್ರ ಟೈಮ್‌ನ ಸ್ಟ್ರಿಂಗ್ ಮಾಡೋದೇ ಬಿಡ್ರಿ. ಡೇಟ್‌ಟೈಮ್ ಡಾಟ್ ನೌಗೆ ಟೈಮ್‌ಝೋನ್ ಡಾಟ್ ಯುಟಿಸಿ ಕೊಟ್ಟು, ಬಂದ ಆಬ್ಜೆಕ್ಟ್‌ನ ಹಂಗೇ ಸೈಕಾಪಿಜಿ (ಪೈಥಾನ್‌ನ ಪೋಸ್ಟ್‌ಗ್ರೆಸ್‌ಗೆ ಜೋಡ್ಸೋ ಲೈಬ್ರರಿ) ಕೈಯಾಗ ಕೊಡ್ರಿ, ಕಾಲಮ್ ಟೈಮ್‌ಝೋನ್ ತಿಳಿಯೋ ಟೈಮ್‌ಸ್ಟ್ಯಾಂಪ್‌ಟಿಝೆಡ್ ಇರ್ಲಿ. ಕಾಟಾ ಚೀಟಿ ಪ್ರಿಂಟ್ ಮಾಡೋ ಮುಂದ ಅಷ್ಟೇ ಪೈಥಾನ್‌ನ ಝೋನ್‌ಇನ್ಫೋದಿಂದ ಏಷ್ಯಾ/ಕೋಲ್ಕತಾಕ್ಕ ತಿರುಗಿಸ್ರಿ. ವಿಂಡೋಸ್‌ದಾಗ ಐಎಎನ್‌ಎ ಡೇಟಾಬೇಸ್ ಇರಲ್ಲ, ಪೈಥಾನ್ ಪ್ಯಾಕೇಜ್ ಹಾಕೋ ಪಿಪ್‌ಲಿಂದ ಟಿಝೆಡ್‌ಡೇಟಾ ಪ್ಯಾಕೇಜ್ ಹಾಕ್ಕೋಬೇಕು, ಇಲ್ಲಂದ್ರ ಝೋನ್ ಸಿಗಲ್ಲಂತ ಮತ್ತ ಎರರ್. ಪೋಸ್ಟ್‌ಗ್ರೆಸ್‌ದಾಗ ಸಂಕ್ಷಿಪ್ತ ಹೆಸರಿನ ಪಟ್ಟಿನೇ ಇಂಡಿಯಾಕ್ಕ ಬದಲು ಮಾಡಂತ ಯಾರರೇ ಹೇಳಬಹುದು, ಮಾಡಾಕ ಬರ್ತದ ಖರೇ, ಆದ್ರ ನಾಳೆ ಸರ್ವರ್ ಬದಲಾದಾಗ ಆ ಸೆಟ್ಟಿಂಗ್ ಯಾರಿಗ್ ನೆನಪಿರ್ತದ? ಹಳೇ ಎಂಟ್ರಿ ಇಸ್ರೇಲ್ ಆಗ್ಯಾವ ಅನ್ನೋದು ಖಾತ್ರಿ ಆದ್ರ ಅಂಥವಕ್ಕ ಮಾತ್ರ 3:30 ತಾಸು ಕಳೀರಿ, ಅದಕ್ಕೂ ಮೊದ್ಲ ಬ್ಯಾಕಪ್.

ಪ್ರಶ್ನೆ: ಒಂದೇ ಲ್ಯಾಪ್‌ಟಾಪ್‌ದಾಗ ವಿಂಡೋಸ್, ಲಿನಕ್ಸ್ ಎರಡೂ ಅವ. ಲಿನಕ್ಸ್ ಬಂದ್ ಮಾಡಿ ವಿಂಡೋಸಿಗೆ ಹೋದ್ರ ಗಡಿಯಾರ ಐದೂವರೆ ತಾಸು ಹಿಂದ ಇರ್ತದ. ಬ್ಯಾಟರಿ ಹೋಗ್ಯಾದೇನ್ರಿ?
– ಒಬ್ಬ ವಿದ್ಯಾರ್ಥಿ, ಬೀದರ್

ಉತ್ತರ: ಬ್ಯಾಟರಿ ಹೋದ್ರ ಲೆಕ್ಕ ಇಷ್ಟು ಸರಿಯಾಗಿ ಐದೂವರೆ ಬರಲ್ರಿ. ಮದರ್‌ಬೋರ್ಡಿನ ಗಡಿಯಾರದಾಗ ಲಿನಕ್ಸ್ ಯುಟಿಸಿ ಇಡ್ತದ, ವಿಂಡೋಸ್ ಅದನ್ನೇ ಲೋಕಲ್ ಟೈಮ್ ಅಂತ ಓದ್ತದ. ವಿಂಡೋಸ್ ರಿಜಿಸ್ಟ್ರಿದಾಗ ರಿಯಲ್‌ಟೈಮ್‌ಈಸ್‌ಯೂನಿವರ್ಸಲ್ ಅನ್ನೋದಕ್ಕ 1 ಕೊಡ್ರಿ. ಲಿನಕ್ಸ್‌ನ ಲೋಕಲ್ ಟೈಮಿಗೆ ಬಗ್ಗಿಸೋ ಕಮಾಂಡೂ ಅದ, ಟೈಮ್‌ಡೇಟ್‌ಸಿಟಿಎಲ್, ಆದ್ರ ಅದನ್ನ ಕೊಟ್ರ ಅದೇ ಗೊಣಗ್ತದ.