ಮನೆಯ ನಕಾಶೆಯಲ್ಲಿ ಕಥೆಗೆ ಎಲ್ಲಿ ಜಾಗ?

ಶಿರಸಿಯ ಓದುಗರೊಬ್ಬರ ಪತ್ರ: "ನಾನು ಆರ್ಕಿಟೆಕ್ಚರ್ ಓದುತ್ತಿದ್ದೇನೆ. ಅಜ್ಜನ ಕಾಲದ ಮನೆ ಕೆಡವಿ ಹೊಸದು ಕಟ್ಟುವವರಿದ್ದೇವೆ. ಹಿಂದಿನ ಸಂಚಿಕೆಯಲ್ಲಿ ಮನೆಯೂ ಒಂದು ಕಥೆ ಅಂದಿರಿ. ಕೇಳಲು ಚೆಂದ. ಆದರೆ ಗೋಡೆ, ಮಾಡು, ಗಾಳಿ, ನೀರಿನ ಲೆಕ್ಕದಲ್ಲಿ ಕಥೆಗೆ ಎಲ್ಲಿ ಜಾಗ?"

ಸಂಪಾದಕರ ಉತ್ತರ:

ಲೆಕ್ಕ ತಪ್ಪಿದರೆ ನಮ್ಮ ಮಳೆಗಾಲ ಸುಮ್ನೆ ಬಿಡುವುದಿಲ್ಲ, ಅದು ನಿಜ. ಆದರೆ ಯಾವುದು ಮೊದಲು ಕಾಣಬೇಕು, ಯಾವುದು ಆಮೇಲೆ ಅನ್ನುವುದನ್ನು ಲೆಕ್ಕ ಹೇಳುವುದಿಲ್ಲ.

ಯಕ್ಷಗಾನದಲ್ಲಿ ರಾಕ್ಷಸನ ಒಡ್ಡೋಲಗ ನೋಡಿದ್ದೀರಲ್ವಾ? ವೇಷ ಸೀದಾ ಎದುರಿಗೆ ಬರುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ. ಮೊದಲು ಕಿರೀಟ, ಆಮೇಲೆ ಮುಖ, ಕೊನೆಗೆ ಇಡೀ ವೇಷ. ಚಿಕ್ಕವನಿದ್ದಾಗ ಆ ಕಾಯುವ ಹೊತ್ತಿಗೇ ನನಗೆ ಜೀವ ಹೋಗುತ್ತಿತ್ತು. ನಮ್ಮ ಕಡೆಯ ಹಳೇ ಮನೆಗಳೂ ಹಾಗೇ. ಅಂಗಳ, ಜಗಲಿ, ತಲೆ ತಗ್ಗಿಸಿ ದಾಟುವ ಬಾಗಿಲು, ಮಬ್ಬು ನಡುಮನೆ, ಅದರಾಚೆ ಒಲೆಯ ಬೆಳಕು. ಅಡಕೆ ವ್ಯಾಪಾರದವರು ಜಗಲಿಯಲ್ಲೇ ಎಲೆ-ಅಡಕೆಯ ಕವಳ ಹಾಕಿ ಎದ್ದು ಹೋಗುತ್ತಾರೆ. ನೆಂಟರು ಒಳಗೆ ಬರುತ್ತಾರೆ. ಬಾಣಂತಿ ಕೋಣೆಗೆ ಅಜ್ಜಿಯ ಅಪ್ಪಣೆ ಬೇಕು.

ಭಟ್ಕಳದ ಖೇತಪೈ ನಾರಾಯಣ ದೇವಸ್ಥಾನಕ್ಕೂ ಒಮ್ಮೆ ಹೋಗಿ ಬನ್ನಿ. ಹೊರಗೋಡೆಯಲ್ಲಿ ರಾಮಾಯಣ ಕೆತ್ತಿದ್ದಾರೆ. ನಿಂತಲ್ಲೇ ಎಲ್ಲ ಕಾಣುವುದಿಲ್ಲ, ಸುತ್ತು ಹಾಕಬೇಕು. ಪುಟ ತಿರುಗಿಸುವ ಕೆಲಸ ಅಲ್ಲಿ ಕಾಲಿನದು.

ಇನ್ನು ಜಾಗದ ಮಾತು. ಕಥೆಗೆ ನಿಜವಾಗಿಯೂ ಜಾಗ ಬೇಕು, ಅಡಿ ಲೆಕ್ಕದಲ್ಲೇ ಬೇಕು. ನಾನು ಕೇಳಿದ ಕಥೆಗಳೆಲ್ಲ ಅಡಕೆ ಸುಲಿಯುವ ರಾತ್ರಿಗಳವು. ಹತ್ತು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸಾಲಾಗಿ ಕೂರುವಷ್ಟು ಉದ್ದದ ಜಗಲಿ ನಮ್ಮದು. ಆಮೇಲೆ ಪೇಟೆಯಲ್ಲಿ ಮನೆ ಕಟ್ಟಿಸುವಾಗ ನಾನು ಕೋಣೆಗಳನ್ನು ಮಾತ್ರ ಎಣಿಸಿದೆ. ಮುಂಬಾಗಿಲು ತೆಗೆದರೆ ಸೀದಾ ಗ್ಯಾಸ್ ಒಲೆ ಕಾಣುತ್ತಿತ್ತು. ಯಾರಾದರೂ ಬಂದರೆ ಆಯಿ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಜಗಲಿಯಿದ್ದಾಗ ದಾರಿಯಲ್ಲಿ ಹೋಗುವವರನ್ನೂ ಕರೆದು ಮಾತಾಡಿಸುತ್ತಿದ್ದವಳು ಅವಳು. ನನಗೆ ಇವತ್ತಿಗೂ ಅದು ನೋವು.

ಗೆರೆ ಎಳೆಯುವ ಮೊದಲು ನಿಮ್ಮ ಅಮ್ಮನ ಒಂದು ದಿನವನ್ನು ಬರೆಯಿರಿ. ಹಾಲು ಕರೆದು ಬಂದವರು ತಂಬಿಗೆ ಎಲ್ಲಿಡುತ್ತಾರೆ? ಮಧ್ಯಾಹ್ನ ಅಕ್ಕಿ ಆರಿಸಲು ಎಲ್ಲಿ ಕೂರುತ್ತಾರೆ? ಕೂತಲ್ಲಿಂದ ಬೇಲಿಯ ದಣಪೆ ದಾಟಿ ಬಂದವರು ಕಾಣಬೇಕಾ, ಬೇಡವಾ? ಕಿಟಕಿ ಎಷ್ಟು ಎತ್ತರಕ್ಕಿರಬೇಕು ಅನ್ನುವುದು ಅಲ್ಲೇ ಸಿಗುತ್ತದೆ. ಹಳೇ ಜಗಲಿ ಇನ್ನೂ ಇದೆಯಲ್ಲ, ಅವರನ್ನು ಅಲ್ಲೇ ಕೂರಿಸಿಕೊಂಡು ಕೇಳಿ. ಬರೆದದ್ದನ್ನೂ ನಕಾಶೆಯನ್ನೂ ನನಗೆ ಕಳಿಸಿ.